ಬಿಹೇವ್ ಮಾಡದ ಹುಡುಗಿ

“ಬಿಹೇವ್ ಅಂದರ ಏನವಾ?” ಖಾನಾಪುರದಿಂದ ಬಂದಿದ್ದ ಅಜ್ಜಿ ಶಿವಲಿಂಗವ್ವ ಕೇಳಿದಳು.

ಸೃಷ್ಟಿ ಈಗಷ್ಟೇ ಶಾಲೆಯ ಡೈರಿ ಓದಿ ಹೇಳಿದ್ದಳು. ‘ನಿಮ್ಮ ಮಗಳು ಬಿಹೇವ್ ಮಾಡುವುದಿಲ್ಲ’ ಎಂದು ಐಶ್ವರ್ಯಾ ಮಿಸ್ ಡೈರಿಯಲ್ಲಿ ಕೆಂಪು ಇಂಕಿನಿಂದ ಬರೆದಿದ್ದರು. ಮನೆಯವರ ಸಹಿ ತಂದು, ನಾಳೆ ಎಲ್ಲರೆದುರು ಸಾರಿ ಹೇಳಬೇಕು. ಇಲ್ಲದಿದ್ದರೆ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ವೆಲ್ಕಮ್ ಸ್ಪೀಚ್ ಅವಳ ಕ್ಲಾಸಿನ ಅನಿಕೇತನ ಪಾಲು. ಆ ಸ್ಪೀಚನ್ನು ಅವಳು ಇಪ್ಪತ್ತು ದಿನದಿಂದ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು. ಅಪ್ಪ, ಅವ್ವ ಇಬ್ಬರೂ ಉದ್ಯಮಬಾಗದ ಫ್ಯಾಕ್ಟರಿಯಲ್ಲಿ ಡ್ಯೂಟಿಯ ಮೇಲಿದ್ದರು; ಸಹಿಗೆ ಉಳಿದವಳು ಅಜ್ಜಿ ಒಬ್ಬಳೇ.

“ನೆಟ್ಟಗ ಇರೂದು, ಆಯಿ.”

“ಹಂಗಾರ ನೀ ಏನ್ ಸೊಟ್ಟ ಮಾಡಿದಿ?”

ಸೃಷ್ಟಿ ಎಲ್ಲ ಹೇಳಿದಳು. ಆ ದಿನ ಶಾಲೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಕೆಮ್ಮಿದರೂ ಬಿಹೇವ್, ಸೀನಿದರೂ ಬಿಹೇವ್. ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದವೇ ಇಲ್ಲವೇನೋ ಎಂಬಂತೆ ಮಿಸ್ ಬೆಳಗಿನಿಂದ ಅದೊಂದನ್ನೇ ಹಿಡಿದುಕೊಂಡಿದ್ದರು. ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕೂತಿದ್ದರು.

ಮಿಸ್ ಹೊರಗೆ ಹೋದಾಗ ಪ್ಯೂನ್ ಹಣಮಪ್ಪ ತಲೆಯ ಮೇಲೆ ಬೆಂಚು ಹೊತ್ತು ಮೂರು ಮಹಡಿ ಹತ್ತಿ ಬಂದ. ಮುದುಕನಿಗೆ ಏದುಸಿರು. ಸೃಷ್ಟಿ ಮಿಸ್ಸಿನ ಕುರ್ಚಿಯನ್ನೇ ಎಳೆದು, ಕುಂದರ್ರಿ ಕಾಕಾ ಎಂದು ತನ್ನ ನೀರಿನ ಬಾಟಲಿ ಕೊಟ್ಟಳು. ಆತ ಎರಡು ಗುಟುಕು ಕುಡಿಯುವಷ್ಟರಲ್ಲಿ ಸಾಹೇಬರು ಒಳಗೆ ಬಂದೇಬಿಟ್ಟರು. ಕುರ್ಚಿಯಲ್ಲಿದ್ದ ಮುದುಕನೇ ಹೆಡ್‌ಮಾಸ್ತರು ಎಂದುಕೊಂಡು ಕೈಮುಗಿದರು. ಗೇಟಿನಲ್ಲಿ ತಮಗೆ ಕೊಟ್ಟಿದ್ದ ಹೂಗುಚ್ಛವನ್ನೂ ಹಣಮಪ್ಪನ ಕೈಗಿಟ್ಟರು. ಇಡೀ ಕ್ಲಾಸು ಬೆರಳು ತೆಗೆದು ಗೊಳ್ಳೆಂದು ನಕ್ಕಿತು.

ಅಜ್ಜಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿ, ಸಾರಿ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಎಂದಳು. ಸೃಷ್ಟಿಗೆ ಸಿಟ್ಟು ಬಂತು. ಹೋಗುವುದು ಅಜ್ಜಿಯ ಸ್ಪೀಚ್ ಅಲ್ಲವಲ್ಲ!

ಮರುದಿನ ಅವಳು ಎಲ್ಲರೆದುರು ಎದ್ದು ನಿಂತಳು.

“ನಕ್ಕಿದ್ದಕ್ಕ ಸಾರಿ, ಮಿಸ್. ಕುರ್ಚಿ ಕೊಟ್ಟಿದ್ದಕ್ಕ ಸಾರಿ ಅನ್ನಾಕ ಆಗೂದಿಲ್ಲರಿ.”

ಮಿಸ್ ಮತ್ತೆ ಬಿಹೇವ್ ಎಂದರು. ಸ್ಪೀಚಿನ ಹಾಳೆ ಅನಿಕೇತನ ಕೈಗೆ ಹೋಯಿತು.

ಸೃಷ್ಟಿಗೆ ಅಳು ಉಕ್ಕಿ ಬಂತು. ಅತ್ತ ಮಿಸ್ ಅನಿಕೇತನಿಗೆ ಕಲಿಸತೊಡಗಿದ್ದರು. ಮೊದಲು ನಗಬೇಕು, ತುಸು ಬಾಗಬೇಕು, ಅತಿಥಿಗಳಿಗೆ ಕೈಯಿಂದ ಕುರ್ಚಿ ತೋರಿಸಬೇಕು. ದೂರದಿಂದ ದಣಿದು ಬಂದಿದ್ದೀರಿ, ದಯವಿಟ್ಟು ಕುಳಿತುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಅನಿಕೇತ ಮೂರು ಸಲ ತಡವರಿಸಿದ.

ಸೃಷ್ಟಿ ಕಣ್ಣೊರೆಸಿಕೊಂಡಳು. ಆ ಮಾತನ್ನು ಅವಳು ನಿನ್ನೆಯೇ ಹಣಮಪ್ಪನಿಗೆ ಹೇಳಿಯಾಗಿತ್ತು. ಅದೂ ಬಾಯಿಪಾಠ ಮಾಡದೆ.