ಬಾಯಾರದ ನಿಂಬೆ ಗಿಡ

"ಅಯ್ಯೋ, ಇನ್ನೊಂದು ಉದುರಿತು!"

ಬಟಾಣಿ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಳದಿ ಎಲೆಯನ್ನು ಎತ್ತಿಕೊಂಡಳು. ಹತ್ತು ವರ್ಷವಾದರೂ ಆಳು ಇಷ್ಟೇ ಇಷ್ಟು, ಅದಕ್ಕೇ ಮನೆಯಲ್ಲಿ ಆ ಹೆಸರು.

ಕುಂಡದಲ್ಲಿದ್ದುದು ಅಕ್ಕನ ನಿಂಬೆ ಗಿಡ. ಹಾಸ್ಟೆಲ್‌ಗೆ ಹೊರಡುವಾಗ ಅಕ್ಕ, "ಇದು ನಿನ್ನ ಜವಾಬ್ದಾರಿ ಕಣೇ. ರಜೆಗೆ ಬಂದಾಗ ಹೀಗೇ ಇರಬೇಕು," ಎಂದು ಅವಳ ಗಲ್ಲ ಹಿಂಡಿ ಹೋಗಿದ್ದಳು. ಈಗ ಚಳಿಗಾಲದ ರಜೆ ಹತ್ತಿರ ಬಂದಿತ್ತು. ಗಿಡ ಮಾತ್ರ ದಿನದಿಂದ ದಿನಕ್ಕೆ ಬೋಳಾಗುತ್ತಿತ್ತು.

ಬಟಾಣಿ ಏನು ಕಡಿಮೆ ಮಾಡಿದ್ದಳು? ಸ್ಕೂಲ್‌ಗೆ ಹೊರಡುವ ಮೊದಲು ದಿನಾ ಒಂದು ಮಗ್ ನೀರು, ತಪ್ಪದೆ.

"ಪಾಪ, ಅದಕ್ಕೆ ಬಾಯಾರಿರಬೇಕು," ಎಂದರು ತಾತ.

"ಬಿಸಿಲು ಸಾಲ್ತಿಲ್ಲ," ಎಂದಳು ಅಮ್ಮ.

ಅಪ್ಪ ತಮ್ಮ ಕನ್ನಡಕದ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. "ಚಳಿಗೆ ಎಲೆ ಉದುರುತ್ತೆ ಬಿಡು," ಎಂದು ಚಪ್ಪಲಿ ಮೆಟ್ಟಿದರು. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅಪ್ಪನ ಕಣ್ಣಿಗೆ ಬೀಳುತ್ತದೆ. ಗಿಡದ ವಿಷಯಕ್ಕೆ ಬಂದರೆ ಮಾತ್ರ ಹೀಗೆ. ಅಕ್ಕನ ವಿಷಯವೂ ಅಷ್ಟೇ. ಅವಳು ಹೋದ ದಿನ, "ಸದ್ಯ, ಮನೆ ತಣ್ಣಗಾಯ್ತು," ಎಂದವರು ಆಮೇಲೆ ಅವಳ ಸುದ್ದಿಯನ್ನೇ ಎತ್ತಿರಲಿಲ್ಲ. ಅದು ನೆನಪಾದಾಗಲೆಲ್ಲ ಬಟಾಣಿಗೆ ಸಿಟ್ಟು ಬರುತ್ತಿತ್ತು.

ಸ್ಕೂಲಿನಲ್ಲಿ ಸೈನ್ಸ್ ಮಿಸ್ಸನ್ನು ಕೇಳಿದಳು. "ಎಲೆ ಯಾಕೆ ಹಳದಿ ಆಗುತ್ತೆ, ಮಿಸ್?"

"ನೀರು ಕಡಿಮೆ ಆದ್ರೂ ಆಗುತ್ತೆ, ಜಾಸ್ತಿ ಆದ್ರೂ ಆಗುತ್ತೆ."

ಬಟಾಣಿಯ ತಲೆ ಚಿಟ್ಟು ಹಿಡಿಯಿತು. ಇದೆಂಥ ಉತ್ತರ! ಇರಲಿ ಎಂದು ಮಾರನೆಯ ದಿನ ಅರ್ಧ ಮಗ್ ಹಾಕಿದಳು. ಸಂಜೆ ಮುಟ್ಟಿದರೆ ಮಣ್ಣು ಕೆಸರು. ಅದರ ಮರುದಿನ ಹನಿ ನೀರೂ ಹಾಕಲಿಲ್ಲ. ಆದರೂ ಕೆಸರು! ಕುಂಡದ ಕೆಳಗಿನ ತಟ್ಟೆ ಬೇರೆ ತುಂಬಿ ತುಳುಕುತ್ತಿತ್ತು.

"ಇದೇನು ಗಿಡ ಬೆವರುತ್ತಾ?" ಎಂದು ತನ್ನನ್ನೇ ಕೇಳಿಕೊಂಡಳು.

ಭಾನುವಾರ ಬಟಾಣಿ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಬೆಡ್‌ಶೀಟ್‌ನ ಹಿಂದೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಮೊದಲು ತಾತ ಬಂದರು, ಕೈಯಲ್ಲಿ ಚೆಂಬು. "ಕುಡಿ ಮರಿ, ಕುಡಿ," ಎಂದು ಸುರಿದು ಹೋದರು. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಅಕ್ಕಿ ತೊಳೆದ ನೀರು ಹಾಕಿದಳು. ಬಟಾಣಿ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಹೆಜ್ಜೆಯ ಸದ್ದಾಯಿತು.

ಅಪ್ಪ! ಅತ್ತಿತ್ತ ನೋಡಿ ಬಾಟಲಿಯ ನೀರನ್ನು ಕುಂಡಕ್ಕೆ ಸುರಿದರು. ಜೇಬಿನಿಂದ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ತೆಗೆದು, ಉಳಿದಿದ್ದ ಎಲೆಗಳ ಧೂಳನ್ನು ಒಂದೊಂದಾಗಿ ಒರೆಸತೊಡಗಿದರು.

"ಅಪ್ಪಾ! ನೀವೂನಾ?"

ಅಪ್ಪ ಬೆಚ್ಚಿಬಿದ್ದರು. "ಅದು... ಬಾಟಲಿಯಲ್ಲಿ ಒಂಚೂರು ಉಳಿದಿತ್ತು. ಸುಮ್ನೆ ಚೆಲ್ಲೋದ್ಯಾಕೆ ಅಂತ..."

"ತಾತ ಹಾಕಿದ್ರು, ಅಮ್ಮ ಹಾಕಿದ್ಲು, ನೀವೂ ಹಾಕಿದ್ರಿ! ದಿನಾ ನಾನೂ ಹಾಕ್ತೀನಿ!"

ಗಲಾಟೆ ಕೇಳಿ ಎಲ್ಲರೂ ಓಡಿ ಬಂದರು. "ನೀನು ಮರೆತಿರ್ತೀಯ ಅಂದ್ಕೊಂಡೆ," ಎಂದಳು ಅಮ್ಮ. "ನಾನೂ ಹಾಗೇ ಅಂದ್ಕೊಂಡೆ," ಎಂದರು ತಾತ, ಅವರಿಗೆ ನಗು ತಡೆಯಲಾಗಲಿಲ್ಲ. "ಅತಿಯಾದರೆ ಅಮೃತವೂ ವಿಷ ಅಂತಾರಲ್ಲ! ಚಳಿಯಲ್ಲಿ ನೀರು ಕುಡಿ ಅಂದ್ರೆ ನೀನೇ ಮುಖ ಸಿಂಡರಿಸ್ತೀಯ. ಗಿಡಕ್ಕೂ ಹಾಗೇ ಅಲ್ವಾ? ನನ್ನ ತಲೆಗೇ ಹೊಳೀಲಿಲ್ಲ ನೋಡು."

ತಟ್ಟೆಯ ನೀರು ಚೆಲ್ಲಿದರು. ಕುಂಡವನ್ನು ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಸರಿಸಿದರು. ಸೆಕೆ ಶುರುವಾಗುವವರೆಗೆ ಗೊಬ್ಬರ ಬೇಡವೆಂದೂ, ಬೆರಳು ಚುಚ್ಚಿ ಮಣ್ಣು ಒಳಗೂ ಒಣಗಿದ್ದರಷ್ಟೇ ನೀರೆಂದೂ ತೀರ್ಮಾನವಾಯಿತು. ಹಾಕುವವಳು ಬಟಾಣಿ ಒಬ್ಬಳೇ.

ಕೆಲವು ದಿನ ಕಳೆದವು. ಎಲೆ ಉದುರುವುದು ಕಡಿಮೆಯಾಯಿತು. ಆದರೆ ಹೊಸ ಚಿಗುರಿನ ಸುಳಿವಿಲ್ಲ. ಗಿಡ ಉಳಿಯುತ್ತದೋ ಇಲ್ಲವೋ, ಬಟಾಣಿಗೆ ಗೊತ್ತಾಗಲಿಲ್ಲ.

ಒಂದು ಸಂಜೆ ಸ್ಕೂಲ್ ಬ್ಯಾಗ್ ಇಳಿಸಿ ಬಾಲ್ಕನಿಗೆ ಬಂದರೆ ಅಪ್ಪ ಕುಂಡದ ಮುಂದೆ ಕೂತಿದ್ದರು. ಬೆರಳು ಮಣ್ಣಿನಲ್ಲಿತ್ತು.

"ಒಣಗಿದೆಯಾ ಅಪ್ಪಾ?"

"ಇಲ್ಲ, ಇನ್ನೂ ಒದ್ದೆ ಇದೆ," ಎಂದರು. ಆದರೂ ಏಳಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. "ಅಲ್ಲಿ ಇನ್ನೂ ಜಾಸ್ತಿ ಚಳಿಯಂತೆ. ದಪ್ಪ ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದಾಳೆ," ಎಂದು ಗಿಡಕ್ಕೆ ಹೇಳಿದಂತೆ ಹೇಳಿದರು.

ಬಟಾಣಿ ಅಪ್ಪನ ಮುಖ ನೋಡಿದಳು. ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಒಳಗೆ ಓಡಿ ಅಮ್ಮನ ಫೋನ್ ತಂದಳು. ಅಕ್ಕನ ನಂಬರ್ ಒತ್ತಿ ಅಪ್ಪನ ಇನ್ನೊಂದು ಕೈಗೆ ಕೊಟ್ಟಳು.