ಬರ್ತೇನೆ ಅಂದರೆ ಎಂತ?

ಜಗಳ ಶುರುವಾದದ್ದು ಒಂದೇ ಒಂದು ಶಬ್ದದಿಂದ. ಅದೂ ಎಂಥ ಶಬ್ದ! ದಿನಕ್ಕೆ ಹತ್ತು ಸಲ ಎಲ್ಲರ ಬಾಯಲ್ಲೂ ಬರುವ, ಯಾರೂ ಕಿವಿಗೊಟ್ಟು ಕೇಳದ ಶಬ್ದ.

ಜನವರಿಯ ಒಂದು ಶನಿವಾರ ಶ್ರೀರಂಜಿನಿ ಕಾಲೇಜಿನ ಟ್ರೈಪಾಡನ್ನು ಹೆಗಲಿಗೇರಿಸಿಕೊಂಡು ಕಾಸರಗೋಡು ಕಡೆಯ ಮುಳ್ಳೇರಿಯದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಶೂಟಿಂಗಿಗೆ ಜಾಗ ನೋಡಲು ಬಂದವಳು. ಫೋನಿನ ಆ ತುದಿಯಲ್ಲಿ ತುಷಾರ್ ಇದ್ದ. ಅವಳ ಕ್ಲಾಸಿನವನು, ಕುಂಬಳೆ ಹತ್ತಿರದ ಪುತ್ತಿಗೆಯವನು, ಕೈಗೆ ಕ್ಯಾಮೆರಾ ಸಿಕ್ಕಿದರೆ ಊಟ ಮರೆಯುವವನು.

"ಇಲ್ಲಿ ಬೆಳಕು ಚಂದ ಉಂಟು" ಎಂದಳು.

"ಹೌದಾ? ಆಯ್ತು, ಬರ್ತೇನೆ" ಎಂದ.

ಫೋನ್ ಕಟ್ಟಾಯಿತು. ಶ್ರೀರಂಜಿನಿ ಕಾದಳು. ಒಂದು ಲೈಮ್ ಸೋಡಾ ಕುಡಿದು ಕಾದಳು. ಕುಂಬಳೆ ಕಡೆಯಿಂದ ಮೂರು ಬಸ್ಸು ಬಂದವು. ಮೂರು ಸಲವೂ ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು, ಮೂರು ಸಲವೂ ಬೇರೆ ಯಾರೋ ಇಳಿದರು. ಒಂದೂವರೆ ಗಂಟೆಯ ನಂತರ ಫೋನ್ ಮಾಡಿದಾಗ ತುಷಾರನ ಬಾಯಲ್ಲಿ ಹಲಸಿನ ಚಿಪ್ಸ್ ಕರುಂ ಕುರುಂ ಎನ್ನುತ್ತಿತ್ತು.

"ಎಲ್ಲಿ ತಲುಪಿದೆ?"

"ಎಲ್ಲಿಗೆ?"

"ಬರ್ತೇನೆ ಅಂದದ್ದಲ್ವಾ ನೀನು?"

"ಅಯ್ಯೋ ಮಾರಾಯ್ತಿ! ಅದು ಫೋನ್ ಇಡ್ಲಿಕ್ಕೆ ಹೇಳಿದ ಬರ್ತೇನೆ!"

ಅವನ ತಪ್ಪೂ ಅಲ್ಲ ಬಿಡಿ. ಈ ಕಡೆ ಎದ್ದು ಹೊರಡುವವರು ಯಾರೂ 'ಹೋಗ್ತೇನೆ' ಎನ್ನುವುದಿಲ್ಲ. ಬಾಯಿ ತಪ್ಪಿ ಅಂದರೆ ಒಳಗಿನಿಂದ ಅಜ್ಜಿ "ಬಿಡ್ತು ಅನ್ನು" ಎಂದು ಗದರುತ್ತಾರೆ. ಹೋಗುವವರೆಲ್ಲ 'ಬರ್ತೇನೆ' ಎಂದೇ ಹೋಗುತ್ತಾರೆ. ಫೋನಿನಲ್ಲೂ ಅದೇ ಅಭ್ಯಾಸ ಬಂದುಬಿಟ್ಟಿದೆ. ಆದರೆ ಒಂದೂವರೆ ಗಂಟೆ ಟ್ರೈಪಾಡ್ ಹೊತ್ತವಳಿಗೆ ಈ ವ್ಯಾಕರಣ ಹೇಳಿ ಬದುಕಿದವರುಂಟೇ? ಎರಡು ದಿನ ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೇ ದಿನ ತಾನಾಗಿಯೇ ಬಂದು ಅವನ ಬೆಂಚಿನಲ್ಲಿ ಕುಳಿತಳು. "ಸಿಕ್ಕಿತು" ಎಂದಳು.

"ಎಂತ ಸಿಕ್ಕಿತು?"

"ನಮ್ಮ ಥ್ರಿಲ್ಲರ್."

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಅದು. ಸಿನಿಮಾ ಪೂರ್ತಿ ಬೇಡ. ಒಂದು ಥ್ರಿಲ್ಲರ್‌ನ ಮೊದಲ ಎರಡು ನಿಮಿಷ ಮಾತ್ರ ಮಾಡಿ ತರಬೇಕು, ನೋಡಿದವರು ಮುಂದೇನಾಯಿತು ಎಂದು ಕೇಳಬೇಕು. ಶ್ರೀರಂಜಿನಿ ಹೇಳುತ್ತ ಹೋದಳು. ಖಾಲಿ ಬಸ್ಸು. ಒಬ್ಬಳೇ ಹುಡುಗಿ. ಪರಿಚಯದವನ ಫೋನ್ ಬರುತ್ತದೆ. ಅದೂ ಇದೂ ಮಾತಾಡಿ ಅವನು "ಆಯ್ತು, ಬರ್ತೇನೆ" ಎನ್ನುತ್ತಾನೆ. ಇವಳು "ಹಾಂ, ಸರಿ" ಎಂದು ಫೋನ್ ಇಳಿಸುತ್ತಾಳೆ. ನೋಡಿದರೆ ಕಾಲ್ ಕಟ್ಟಾಗಿಲ್ಲ. ಹಿಂದಿನ ಸೀಟಿನಿಂದ ಹೆಜ್ಜೆಯ ಸದ್ದು. ಅವನು ನಿಜವಾಗಿಯೂ ಬರುತ್ತಿದ್ದಾನೆ.

ತುಷಾರ್ ಎರಡೂ ಕೈಯ ಬೆರಳುಗಳನ್ನು ಚೌಕಟ್ಟಿನ ಹಾಗೆ ಸೇರಿಸಿ, ಅದರೊಳಗಿನಿಂದ ಅವಳನ್ನು ನೋಡಿದ.

"ಎಂತ ನೋಡುದು?"

"ಫ್ರೇಮ್."

"ಫ್ರೇಮಿನಲ್ಲಿ ಎಂತ ಉಂಟು?"

"ಸ್ವಲ್ಪ ಕೋಪ ಉಂಟು. ಮತ್ತೆ ಒಂದು ಕೂದಲು, ಕಿವಿಯ ಹಿಂದೆ ನಿಲ್ಲುದಿಲ್ಲ."

ಶ್ರೀರಂಜಿನಿ ಕೈಯಲ್ಲಿದ್ದ ಪುಸ್ತಕದಿಂದ ಆ ಚೌಕಟ್ಟನ್ನು ಒಡೆದಳು. ಆದರೆ ಆ ದಿನ ರಾಜಿ ಆಯಿತು. ಮುಂದಿನ ಎರಡು ತಿಂಗಳು ಇಬ್ಬರ ತಲೆಯೂ ಒಂದೇ ಕಾಗದದ ಮೇಲೆ ಬಾಗಿತ್ತು. ಅವಳು ಹೇಳುತ್ತಿದ್ದಳು, ಅವನು ಪೆನ್ಸಿಲಿನಲ್ಲಿ ಶಾಟ್‌ಗಳನ್ನು ಬಿಡಿಸುತ್ತಿದ್ದ. ಒಟ್ಟು ಐದು ಶಾಟ್. ಒಂದು ಚಿತ್ರ ಸರಿಯಾದರೆ ಅವಳು "ಓಕೆ" ಎನ್ನುತ್ತಿದ್ದಳು. ಆ ಓಕೆ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ, ಸಿಕ್ಕ ದಿನ ತುಷಾರ್ ಶಿಳ್ಳೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಐದನೇ ಶಾಟಿನ ಹುಡುಗಿಗೆ ಅವನು ಶ್ರೀರಂಜಿನಿಯ ಮೂಗನ್ನೇ ಬಿಡಿಸಿದ್ದ. ಅವಳು ಅದನ್ನು ಗಮನಿಸಿಯೂ ಗಮನಿಸದ ಹಾಗೆ ಇದ್ದಳು.

ಶೂಟಿಂಗಿನ ದಿನ ಶುಕ್ರವಾರ. ಮುಳ್ಳೇರಿಯದಿಂದ ಕಾಸರಗೋಡಿಗೆ ಹೋಗುವ ನೀಲಿ ಬಸ್ಸೊಂದು ಮಧ್ಯಾಹ್ನ ಎರಡು ಗಂಟೆಗೆ ಬಂದು ನಿಂತರೆ ಮತ್ತೆ ಹೊರಡುವುದು ಮೂರು ಐದಕ್ಕೆ. ಆ ಒಂದು ಗಂಟೆ ಐದು ನಿಮಿಷ ಖಾಲಿ ಬಸ್ಸನ್ನು ಕೊಡಲು ಡ್ರೈವರ್ ಜಯಪಾಲ ಒಪ್ಪಿದ್ದರು.

"ನಾಳೆಯಿಂದ ಗಾಡಿ ಪೇಂಟಿಂಗಿಗೆ. ಇವತ್ತು ಆದ್ರೆ ಆಯ್ತು" ಎಂದರು. "ಮೂರು ಐದು ಅಂದ್ರೆ ಮೂರು ಐದು. ಒಂದು ಮಿನಿಟ್ ಹೆಚ್ಚು ಕೇಳ್ಬೇಡಿ, ನನ್ನ ಹಿಂದೆ ಇನ್ನೊಂದು ಬಸ್ ಉಂಟು."

ಸೋಮವಾರ ಪ್ರಾಜೆಕ್ಟ್ ಒಪ್ಪಿಸಬೇಕು. ಪರೀಕ್ಷೆ ಮುಗಿದಿತ್ತು, ಬಾಕಿ ಇದ್ದದ್ದು ಇದೊಂದೇ. ಶ್ರೀರಂಜಿನಿಗೆ ಬೆಳಿಗ್ಗೆಯಿಂದ ಅನ್ನ ಇಳಿದಿರಲಿಲ್ಲ.

ಎರಡು ಗಂಟೆಗೆ ಸರಿಯಾಗಿ ಅವಳ ಫೋನಿಗೆ ಒಂದು ಫೋಟೋ ಬಂತು. ಹುಡುಗಿಯ ಪಾತ್ರ ಮಾಡಬೇಕಿದ್ದ ಗೆಳತಿ ವಿಜೇತಾಳದ್ದು. ಎರಡೂ ಕಣ್ಣು ಕೆಂಡದ ಹಾಗೆ ಕೆಂಪು. ಕೆಳಗೆ ಬರೆದಿದ್ದಳು: 'ಕೆಂಗಣ್ಣು ಮಾರಾಯ್ತಿ. ನಾನು ಬಂದ್ರೆ ನಿಮ್ಗೂ ಬರ್ತದೆ. ನೀನೇ ಆ್ಯಕ್ಟ್ ಮಾಡು. ಮತ್ತೆ ತುಷಾರ್ ಭಾನುವಾರ ಕೊಚ್ಚಿಗೆ ಹೋಗುದಲ್ವಾ, ಸಿನಿಮಾ ಯೂನಿಟ್‌ಗೆ, ಕ್ಯಾಮೆರಾ ಅಸಿಸ್ಟೆಂಟ್ ಅಂತೆ. ನನ್ನ ಪರವಾಗಿ ಕಂಗ್ರಾಟ್ಸ್ ಹೇಳು. ನಿಂಗೆ ಗೊತ್ತುಂಟಲ್ಲ?'

ಅವಳಿಗೆ ಗೊತ್ತಿರಲಿಲ್ಲ.

ತಲೆಯೆತ್ತಿ ನೋಡಿದಳು. ತುಷಾರ್ ಡ್ರೈವರ್ ಸೀಟಿನ ಹಿಂದೆ ಟ್ರೈಪಾಡಿನ ಕಾಲು ಬಿಗಿಯುತ್ತಿದ್ದ. ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಎರಡು ತಿಂಗಳು ದಿನವೂ ನೋಡಿದ ಕತ್ತು. ಭಾನುವಾರ ಅಂದರೆ ನಾಡಿದ್ದು. ಪೆನ್ಸಿಲ್ ಮುರಿದರೂ ತನಗೆ ಬಂದು ಹೇಳುತ್ತಿದ್ದವನು ಇದನ್ನು ಹೇಳಿಲ್ಲ. ಹಾಗಾದರೆ ತಾನು ಅವನಿಗೆ ಯಾರು? ಪ್ರಾಜೆಕ್ಟ್ ಪಾರ್ಟ್ನರ್, ಅಷ್ಟೆಯೇ? ಈ ಪ್ರಶ್ನೆ ಅವಳ ಎದೆಯಲ್ಲಿ ಕೂತುಬಿಟ್ಟಿತು, ಮತ್ತೆ ಎದ್ದು ಹೋಗಲಿಲ್ಲ. ಬಾಯಿಬಿಟ್ಟು ಕೇಳುವುದು ಸಾಧ್ಯವೇ ಇರಲಿಲ್ಲ. 'ಹೌದು, ಅಷ್ಟೆ' ಎಂದುಬಿಟ್ಟರೆ?

"ವಿಜೇತಾ ಬರುದಿಲ್ಲ. ನಾನೇ ಮಾಡ್ತೇನೆ" ಎಂದಳು.

"ನೀನಾ?" ತುಷಾರ್ ತಿರುಗಿ ನೋಡಿದ. ಮುಖದಲ್ಲಿ ನಗು ಬರುತ್ತಿತ್ತು. ಅವಳನ್ನು ನೋಡಿ ಅದು ಅರ್ಧಕ್ಕೇ ನಿಂತಿತು. "ಎಂತ ಆಯ್ತು?"

"ಎಂತ ಇಲ್ಲ. ಟೈಮ್ ಆಗ್ತಾ ಉಂಟು."

ಮೊದಲ ನಾಲ್ಕು ಶಾಟ್ ಸರಸರ ಮುಗಿದವು. ಮೇಲಿನ ಕಂಬಿಯಲ್ಲಿ ತಾನಾಗಿ ಅಲ್ಲಾಡುವ ಹಿಡಿಕೆ. ಕಿಟಕಿಯ ಬದಿಯಲ್ಲಿ ಅವಳ ಬೆನ್ನು. ಮಡಿಲಲ್ಲಿ ರಿಂಗ್ ಆಗುವ ಫೋನು. ಹಿಂದಿನ ಸೀಟಿನ ಕೆಳಗೆ ಒಂದು ಜೊತೆ ಶೂ. ಅದು ತುಷಾರನದ್ದೇ, ಅವನು ಬರಿಗಾಲಲ್ಲಿ ಬಂದು ಕ್ಯಾಮೆರಾ ಹಿಡಿದ. ನಾಲ್ಕಕ್ಕೂ ಓಕೆ ಸಿಕ್ಕಿತು. ಗಂಟೆ ಎರಡೂ ಮುಕ್ಕಾಲು.

ಉಳಿದದ್ದು ಐದನೇ ಶಾಟ್. ಅವಳ ಮುಖ. ಹತ್ತಿರದಿಂದ. 'ಬರ್ತೇನೆ' ಕೇಳಿ ಮೊದಲು ಮಾಮೂಲಾಗಿ ತಲೆ ಆಡಿಸಬೇಕು, ಆಮೇಲೆ ಅರ್ಥವಾಗಬೇಕು, ಅರ್ಥವಾದ ಕೂಡಲೆ ಮುಖದ ರಕ್ತ ಇಳಿಯಬೇಕು. ಇಡೀ ಸಿನಿಮಾ ನಿಂತಿರುವುದೇ ಅದರ ಮೇಲೆ. ತುಷಾರ್ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನ ಫೋನಿನಿಂದ ಅವಳಿಗೆ ಕಾಲ್ ಮಾಡಿದ. ಎರಡು ಮಾರು ದೂರದಲ್ಲಿ ನಿಂತವನ ದನಿ ಅವಳ ಕಿವಿಯೊಳಗೇ ಇತ್ತು.

"ಆಯ್ತು, ಬರ್ತೇನೆ."

ಮೊದಲ ಟೇಕಿನಲ್ಲಿ ಅವಳಿಗೆ ನಗು ಬಂತು, ಸುಮ್ಮನೆ, ಭಯಕ್ಕೆ. ಎರಡನೆಯದರಲ್ಲಿ ನೇರ ಲೆನ್ಸಿನೊಳಗೆ ನೋಡಿಬಿಟ್ಟಳು. ಮೂರನೆಯದರಲ್ಲಿ ಕಣ್ಣು ಅಗಲವಾಯಿತು, ಹುಬ್ಬು ಏರಿತು, ಎಲ್ಲ ಆಯಿತು.

"ಓಕೆಯಾ?" ಎಂದ ತುಷಾರ್.

ಅವಳು ಬಂದು ನೋಡಿದಳು. "ಸುಳ್ಳು" ಎಂದಳು. "ಹೆದರಿದವಳ ಹಾಗೆ ಮಾಡ್ತಾ ಇದ್ದಾಳೆ ಇವಳು. ಇನ್ನೊಂದು."

ಗಂಟೆ ಮೂರು. ಜಯಪಾಲ ಡ್ರೈವರ್ ಸೀಟಿಗೆ ಹತ್ತಿ ಕುಳಿತು ಟವೆಲಿನಿಂದ ಸ್ಟಿಯರಿಂಗ್ ಒರೆಸಿದರು. ಬಾಗಿಲ ಹೊರಗೆ ಪ್ರಯಾಣಿಕರು ಸೇರಿದ್ದರು. ಯಾರೋ ಮಲಯಾಳದಲ್ಲಿ "ಸಿನಿಮಾ" ಎಂದರು, ಇನ್ನು ಯಾರೋ ತುಳುವಿನಲ್ಲಿ ನಕ್ಕರು. ಶ್ರೀರಂಜಿನಿಯ ಅಂಗೈ ಬೆವೆತು ಫೋನ್ ಜಾರುತ್ತಿತ್ತು.

"ಇದೇ ಲಾಸ್ಟ್" ಎಂದ ತುಷಾರ್. ಲೆನ್ಸಿಗೆ ಕಣ್ಣಿಟ್ಟ. ಅವನ ಉಸಿರು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅವಳ ಕಿವಿಯೊಳಗೆ, ಮೆಲ್ಲನೆ:

"ಆಯ್ತು ಶ್ರೀ. ಹೋಗ್ತೇನೆ."

ತಲೆ ಆಡಿಸಲು ಹೊರಟವಳು ಅಲ್ಲಿಗೇ ನಿಂತಳು.

ಆ ಶಬ್ದವನ್ನು ಅವನು ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಯಾರೂ ಯಾರಿಗೂ ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ. ಹಿಂತಿರುಗಿ ಬರುವ ಯೋಚನೆ ಇಲ್ಲದವನು ಮಾತ್ರ ಹೇಳುವ ಶಬ್ದ ಅದು. ಅವಳ ತುಟಿ ಬಿಟ್ಟುಕೊಂಡಿತು, ಮುಚ್ಚಲಿಲ್ಲ. ಕಿವಿಯ ಹಿಂದಿನಿಂದ ಒಂದು ಕೂದಲು ಜಾರಿ ಕೆನ್ನೆಗೆ ಬಂತು, ಅದನ್ನು ಸರಿಪಡಿಸಲು ಕೈ ಏಳಲಿಲ್ಲ. ಎಷ್ಟು ಹೊತ್ತಾಯಿತೋ ಅವಳಿಗೆ ಗೊತ್ತಾಗಲಿಲ್ಲ.

"ಕಟ್" ಎಂದ ತುಷಾರ್. ಅವನ ದನಿ ಸರಿಯಿರಲಿಲ್ಲ.

ಅದೇ ಹೊತ್ತಿಗೆ ಇಂಜಿನ್ ಗುರ್ ಎಂದಿತು. ಜನ ನುಗ್ಗಿದರು. ಒಬ್ಬರ ಅಕ್ಕಿ ಚೀಲ ಟ್ರೈಪಾಡಿನ ಒಂದು ಕಾಲನ್ನು ಮೂಲೆಗೆ ಒತ್ತಿತು, ಇನ್ನೊಬ್ಬರು ಅವಳ ಬ್ಯಾಗಿನ ಮೇಲೆಯೇ ಕೂತರು. ಇಬ್ಬರೂ ಇಳಿಯಲು ನೋಡುವಷ್ಟರಲ್ಲಿ ಬಸ್ಸು ಸ್ಟ್ಯಾಂಡ್ ಬಿಟ್ಟಾಗಿತ್ತು.

"ಕೂತ್ಕೊಳ್ಳಿ, ಕಾಸರಗೋಡಲ್ಲಿ ಇಳಿಸ್ತೇನೆ" ಎಂದು ಜಯಪಾಲ ಕನ್ನಡಿಯಲ್ಲಿ ನೋಡಿ ಕೂಗಿದರು. "ಸಿನಿಮಾದಲ್ಲಿ ನನ್ನ ಹೆಸರು ಹಾಕ್ಬೇಕು ಆಯ್ತಾ!"

ಕೊನೆಯ ಸೀಟಿನಲ್ಲಿ ಇಬ್ಬರಿಗೆ ಜಾಗ ಸಿಕ್ಕಿತು. ನಡುವೆ ಟ್ರೈಪಾಡ್. ತುಷಾರನ ಶೂ ಅಲ್ಲೇ ಕೆಳಗಿತ್ತು, ಅವನು ಅದನ್ನು ಹಾಕಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಬಗ್ಗಿದ್ದ.

"ಸ್ಕ್ರಿಪ್ಟಿನಲ್ಲಿ ಹಾಗೆ ಇರಲಿಲ್ಲ" ಎಂದಳು ಶ್ರೀರಂಜಿನಿ.

"ಡಬ್ಬಿಂಗಿನಲ್ಲಿ ಸರಿ ಮಾಡುವಾ."

"ಕೊಚ್ಚಿಯಿಂದ ಬಂದು ಮಾಡ್ತೀಯಾ?"

ಅವನು ತಲೆಯೆತ್ತಿದ. ಶೂ ಲೇಸ್ ಕೈಯಲ್ಲೇ ಇತ್ತು.

"ವಿಜೇತಾಳಿಗೆ ಹೇಳಿದ್ದಿ. ನಂಗೆ ಹೇಳ್ಲಿಲ್ಲ."

"ಅವಳಿಗೆ ಹೇಳ್ಲಿಕ್ಕೆ ಹೆದರಿಕೆ ಇಲ್ಲ" ಎಂದ ತುಷಾರ್.

"ನಂಗೆ ಹೇಳ್ಲಿಕ್ಕೆ ಎಂತ ಹೆದರಿಕೆ?"

ಅವನು ಕ್ಯಾಮೆರಾ ತೆರೆದು ಅವಳ ಮುಂದೆ ಹಿಡಿದ. ಅಂಗೈಯಗಲದ ಪರದೆಯಲ್ಲಿ ಐದನೇ ಶಾಟ್ ಓಡಿತು. ಹುಡುಗಿಯೊಬ್ಬಳು ಏನನ್ನೋ ಕೇಳಿಸಿಕೊಳ್ಳುತ್ತಾಳೆ, ಅವಳ ಮುಖದ ರಕ್ತ ಇಳಿಯುತ್ತದೆ. ಸುಳ್ಳಿನ ಒಂದು ಎಳೆಯೂ ಇಲ್ಲ. ಶ್ರೀರಂಜಿನಿಗೆ ತನ್ನನ್ನೇ ನೋಡಲಾಗಲಿಲ್ಲ. ತಾನು ಹೇಳದೆ ಬಚ್ಚಿಟ್ಟದ್ದೆಲ್ಲ ಅಲ್ಲಿ ಹನ್ನೊಂದು ಸೆಕೆಂಡ್ ಉದ್ದಕ್ಕೆ ಬಿದ್ದುಕೊಂಡಿತ್ತು.

"ಹೇಳಿದ್ರೆ ನೀನು ನಗಾಡಿಕೊಂಡು ಕಂಗ್ರಾಟ್ಸ್ ಅಂದುಬಿಟ್ರೆ ಅಂತ ಹೆದರಿಕೆ" ಎಂದ ತುಷಾರ್. "ಹತ್ತು ದಿನದಿಂದ ಬಾಯಿಗೆ ಬಂದು ವಾಪಸ್ ಹೋಗ್ತಾ ಉಂಟು. ಇವತ್ತು ಹೇಳಿ ನೋಡುವಾ ಅಂತ... ಟೇಕಿಗಾಗಿ ಹೇಳಿದ್ದಲ್ಲ ಶ್ರೀ. ನಂಗೆ ಗೊತ್ತಾಗ್ಬೇಕಿತ್ತು."

"ಎಂತ ಗೊತ್ತಾಯ್ತು?"

"ನಿನ್ನ ಮುಖ ನೋಡ್ತಾ ಕಟ್ ಅನ್ನುದನ್ನೇ ಸ್ವಲ್ಪ ಹೊತ್ತು ಮರೆತಿದ್ದೆ."

ಎದುರಿನ ಸೀಟಿನ ಹೆಂಗಸು ಹಿಂತಿರುಗಿ ನೋಡಿ, ಏನೂ ಕೇಳದವಳ ಹಾಗೆ ಮುಂದೆ ತಿರುಗಿದಳು. ಶ್ರೀರಂಜಿನಿಯ ಕಣ್ಣು ತುಂಬಿತ್ತು. ಸಿಟ್ಟೂ ಅಷ್ಟೇ ಬಂದಿತ್ತು. ಟ್ರೈಪಾಡನ್ನು ಎತ್ತಿ ತನ್ನ ಆ ಬದಿಗೆ ಇಟ್ಟಳು.

"ಆ ದಿನ ಒಂದೂವರೆ ಗಂಟೆ ಕಾದದ್ದು ಲೊಕೇಶನಿಗೆ ಅಂತ ತಿಳ್ಕೊಂಡಿಯಾ ನೀನು?" ಅವಳ ದನಿ ಇಂಜಿನ್ನಿನ ಸದ್ದಿಗಿಂತ ಸಣ್ಣದಿತ್ತು, ಆದರೆ ನಡುಗಲಿಲ್ಲ. "ಲೊಕೇಶನ್ ಹತ್ತು ನಿಮಿಷದಲ್ಲಿ ನೋಡಿ ಆಗಿತ್ತು. ನಾನು ನಿನ್ನನ್ನು ಕಾದದ್ದು. ನಂಗೆ ನೀನು ಬೇಕು ತುಷಾರ್. ಕೊಚ್ಚಿಗೆ ಹೋಗು, ಬೇಡ ಅನ್ನುದಿಲ್ಲ, ಕ್ಯಾಮೆರಾ ಬಿಟ್ರೆ ನೀನು ನೀನಾಗಿ ಇರುದಿಲ್ಲ. ಆದ್ರೆ ಆ ಶಬ್ದ ಮಾತ್ರ ವಾಪಸ್ ತಗೊ. ಡಬ್ಬಿಂಗಿನಲ್ಲಿ ಅಲ್ಲ, ಈಗ."

ತುಷಾರ್ ಅವಳ ಕೆನ್ನೆಯ ಮೇಲಿದ್ದ ಆ ಒಂದು ಕೂದಲನ್ನು ನೋಡಿದ. ಎರಡು ತಿಂಗಳು ಬೆರಳಿನ ಚೌಕಟ್ಟಿನೊಳಗಿನಿಂದ ನೋಡಿದ್ದನ್ನು ಮೊದಲ ಸಲ ಮುಟ್ಟಿ, ಕಿವಿಯ ಹಿಂದೆ ಸಿಕ್ಕಿಸಿದ.

"ಬರ್ತೇನೆ" ಎಂದ.

"ಅದು ಬೇಡ. ಅದನ್ನು ನಂಬಿ ಒಮ್ಮೆ ಮೋಸ ಹೋಗಿದ್ದೇನೆ."

"ಹೋಗುದಂತೂ ಹೋಗ್ಬೇಕಲ್ಲ ಮಾರಾಯ್ತಿ. ಮತ್ತೆ ಎಂತ ಹೇಳ್ಲಿ?"

"ಎರಡೂ ಸೇರಿಸಿ ಹೇಳು."

ಅವನಿಗೆ ಅರ್ಥವಾಗಲು ಬಸ್ಸು ಒಂದು ತಿರುವು ದಾಟಬೇಕಾಯಿತು. ಅರ್ಥವಾದ ಮೇಲೆ ಅವನು ನಗಲಿಲ್ಲ. ಅವಳ ಬೆವೆತ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು, ಇಡೀ ಊರು ದಿನವೂ ಹೇಳುವ ಆ ಮಾತನ್ನು ಅವಳೊಬ್ಬಳಿಗೇ ಹೇಳಿದ.

"ಹೋಗಿ ಬರ್ತೇನೆ."

"ಇನ್ನೊಂದು ಟೇಕ್" ಎಂದಳು.

"ಹೋಗಿ ಬರ್ತೇನೆ ಶ್ರೀ."

"ಬಸ್ಸಿನ ಸೌಂಡ್ ಬಂತು. ಇನ್ನೊಂದು."

ಕಾಸರಗೋಡು ಬರುವಷ್ಟರಲ್ಲಿ ಏಳು ಟೇಕ್ ಆಗಿತ್ತು. ಒಂದಕ್ಕೂ ಅವಳು ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಕುಂಬಳೆಯ ಬಸ್ಸು ಹೊರಡುವುದರಲ್ಲಿತ್ತು. ತುಷಾರ್ ಓಡಿ ಹತ್ತಿದ. ಫುಟ್‌ಬೋರ್ಡಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಸುತ್ತಲಿನ ಅಷ್ಟೂ ಜನರ ಎದುರಿಗೆ ಎಂಟನೇ ಸಲ ಕೂಗಿ ಹೇಳಿದ.

"ಹೋಗಿ ಬರ್ತೇನೆ!"

ಟ್ರೈಪಾಡನ್ನು ಹೆಗಲಿಗೇರಿಸಿಕೊಂಡು ನಿಂತ ಶ್ರೀರಂಜಿನಿ, ಬಸ್ಸು ತಿರುವಿನಲ್ಲಿ ಮರೆಯಾಗುವ ಮೊದಲು, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಓಕೆ!"