ಕೋಲ್ಡ್ ಸ್ಟೋರಿನ ಕೆಂಪು ದೀಪ

ಕಾರ್ಡ್ ಉಜ್ಜಿದೆ. ಕೆಂಪು ದೀಪ.

ಮತ್ತೆ ಉಜ್ಜಿದೆ... ಕೆಂಪೇ!

ಬಾಗಿಲ ಆಚೆ ಅನುಸೂಯಮ್ಮ ಕೆಮ್ತಾ ಇದ್ದಳು. ಒಳಗೆಲ್ಲೋ ಪೈಪ್ ಒಡೆದು, ಸಂದೀಲಿ ಮಾಲು ತಂಪು ಮಾಡೋ ಅಮೋನಿಯಾ ಗ್ಯಾಸಿನ ಘಾಟು ಬರ್ತಿತ್ತು. ಹೊಸಕೋಟೆ ಪಕ್ಕದ ಕೋಲ್ಡ್ ಸ್ಟೋರು, ತೊಂಬತ್ತಾರನೇ ಇಸವಿ, ಮಟಮಟ ಮಧ್ಯಾಹ್ನ. ನಾನು ಅಲ್ಲಿ ಸೆಕ್ಯುರಿಟಿ ಆಫೀಸರ್. ನನ್ನ ಕಾರ್ಡಿಗೆ ತೆಗೆಯದ ಬಾಗಿಲೇ ಇರಲಿಲ್ಲ ಗುರು... ಆ ದಿನದವರೆಗೂ!

ಮ್ಯಾನೇಜರ್ ಗೋಪಾಲಪ್ಪ ಮಾಲು ಕದ್ದು ಸಾಗಿಸ್ತಿದ್ದ. ಅದನ್ನ ತೋರಿಸಿಕೊಟ್ಟೋಳು ಒಳಗೆ ಪೆಟ್ಟಿಗೆ ಜೋಡಿಸೋ ಈ ಅನುಸೂಯಮ್ಮ. ಫೋಟೋ ಹಿಡಿದೋನು ನಾನು. ಫಿಲ್ಮ್ ರೋಲು ನನ್ನ ಜೇಬಲ್ಲೇ ಇತ್ತು.

ಪಿಕಾಸಿ ಬೀಸಿದೆ. ಕಾವು ಮುರೀತು. ಗ್ಯಾಸ್ ಕಟ್ಟರ್ ಹಚ್ಚೋಣ ಅಂದ್ರೆ ಅಮೋನಿಯಾಗೆ ಬೆಂಕಿ ಹತ್ಕೊಂಡೀತು ಅಂತ ಎಲ್ಲರೂ ತಡೆದರು.

ಕಂಪ್ಯೂಟರ್ ನೋಡ್ಕೊಳ್ಳೋ ಉಮಾಶಂಕರನ ಕಾಲರ್ ಹಿಡಿದೆ.

"ತೆಗಿಯೋ!"

"ನನ್ನ ಕೈಲಿಲ್ಲ ಸಾರ್. ಬಾಗಿಲಿನ ಕಂಪ್ಯೂಟರು ವಾಚ್‌ಮನ್ ಇದ್ದಂಗೆ. ಹೆಸರಿದ್ರೆ ಬಿಡುತ್ತೆ, ಇಲ್ದಿದ್ರೆ ಇಲ್ಲ. ಒಳಗಿಂದ ಬರೋರಿಗೂ ಹಂಗೇ. ಯಾರನ್ನ ಬಿಡಬೇಕು ಅಂತ ಬರೆಯೋದು ಬೆಂಗಳೂರು ಆಫೀಸಲ್ಲಿ. ಅವಳು ಒಳಗೆ ಹೋದ್ಮೇಲೆ ಗೋಪಾಲಪ್ಪನೋರು ಎಲ್ಲರ ಹೆಸರೂ ತೆಗೆಸಿದ್ದಾರೆ."

ಬೆಂಗಳೂರಿಗೆ ಫೋನ್ ಹಚ್ಚಿದೆ. ಅವತ್ತು ಅಲ್ಲಿಗೆ ಹೋಗಿ ಕೂತಿದ್ದ ಗೋಪಾಲಪ್ಪನೇ ಎತ್ತಿದ. ಊಟ ಆಯ್ತಾ ಅಂತ ಕೇಳಿದ ಕಣಯ್ಯಾ!

"ಫಿಲ್ಮ್ ರೋಲನ್ನ ನನ್ನ ಡ್ರೈವರ್ ಕೈಗೆ ಕೊಡಪ್ಪ. ನಿನ್ನ ಹೆಸರು ಬರೆಸ್ತೀನಿ."

ಡ್ರೈವರ್ ಗೇಟಲ್ಲೇ ಕಾಯ್ತಿದ್ದ. ಹಲ್ಲು ಕಚ್ಚಿ ಕೊಟ್ಟೆ. ಇನ್ನೇನು ಮಾಡಲಿ?

ಬೆಂಗಳೂರಲ್ಲಿ ಹೆಸರು ಬರೆದಾಯ್ತು ಅಂತ ಫೋನ್ ಬಂತು. ಬಾಗಿಲಿಗೆ ಓಡಿದೆ. ಕಾರ್ಡ್ ಉಜ್ಜಿದೆ.

ಕೆಂಪು!

ಉಮಾಶಂಕರ ಅಳೋಕೆ ಶುರು ಮಾಡಿದ. "ಅಲ್ಲಿ ಬರೆದದ್ದು ಫೋನ್ ಲೈನಲ್ಲಿ ಇಲ್ಲಿಗೆ ಬರಬೇಕು ಸಾರ್. ಗಂಟೆಗೊಂದ್ಸಲ ಬರೋದು. ಅಲ್ಲೀವರೆಗೂ ಬಾಗಿಲಿಗೆ ಹಳೇದೇ ಗೊತ್ತು."

ಪೊಲೀಸಲ್ಲಿದ್ದಾಗ ಎಂಥೆಂಥಾ ರೌಡಿಗಳನ್ನ ಮಣಿಸಿದ ಕೈ ಇದು. ಆ ಬಾಗಿಲ ಮುಂದೆ ಕೈಲಾಗದೋನ ಥರ ಕೂತ್ಬಿಟ್ಟೆ. ನನಗೂ ಅಳು ಬಂತು, ಯಾಕೆ ಮುಚ್ಚಿಡಲಿ.

"ಅಣ್ಣಾ... ಇದ್ದೀಯಾ?"

"ಇದ್ದೀನಿ ಕಣಮ್ಮ. ಇಲ್ಲೇ ಇದ್ದೀನಿ."

ಆಮೇಲೆ ಅವಳು ಕೆಮ್ಮಲಿಲ್ಲ.

ಕಾರ್ಡ್ ಉಜ್ಜುತ್ತಲೇ ಇದ್ದೆ. ಕೊನೆಗೆ ಹಸಿರು ದೀಪ ಬಂದಾಗ ಬಾಗಿಲು ತಾನಾಗೇ ಸರಿದುಕೊಳ್ತು. ಅನುಸೂಯಮ್ಮ ಹೊಸ್ತಿಲಲ್ಲೇ ಬಿದ್ದಿದ್ದಳು. ಎತ್ತಿಕೊಂಡೆ. ಕೈಬಳೆ ಮೇಲೆ ಮಂಜು ಕಟ್ಟಿತ್ತು. ಉಸಿರಿರಲಿಲ್ಲ.

ಆ ಕಾರ್ಡು ಈಗಲೂ ನನ್ನ ಹತ್ರ ಇದೆ. ನನ್ನ ಹೆಸರನ್ನ ಅವನು ಮತ್ತೆ ತೆಗೆಸಲೇ ಇಲ್ಲ.

ಏನೇ ಅನ್ನು... ಗೋಪಾಲಪ್ಪ ಕೊಟ್ಟ ಮಾತಿಗೆ ತಪ್ಪೋ ಮನುಷ್ಯ ಅಲ್ಲ.